ಗುಂಟೂರು ಸೀಮೆಯಲ್ಲಿ ತಿಪಟೂರಿನ ಸಾರಿನ ಪುಡಿ: ವೈಜಾಗ್, ವಿಜಯವಾಡದ ಅಡುಗೆಮನೆ ಲೆಕ್ಕ

ವಿಡಿಯೋದಲ್ಲಿ ಮಾತಾಡಿದ್ದನ್ನೇ ಇಲ್ಲಿ ಬರಹಕ್ಕೆ ಇಳಿಸಿದ್ದೀನಿ. ಅಳತೆಗಳನ್ನ ನಿಲ್ಲಿಸಿ ನಿಲ್ಲಿಸಿ ಬರ್ಕೊಳ್ಳೋ ಕಷ್ಟ ಬೇಡ ಅಂತ.

ಬೆಂಗಳೂರಿನಿಂದ ಕೆಲಸಕ್ಕೆ ಅಂತ ವೈಜಾಗ್‌ಗೋ ವಿಜಯವಾಡಕ್ಕೋ ಬಂದವರ ಮನೆಗಳಲ್ಲಿ ಒಂದು ಮಾತು ಪದೇ ಪದೇ ಕೇಳ್ತೀನಿ: "ಅದೇ ಅಳತೆ, ಅದೇ ಬಾಣಲೆ, ಆದ್ರೆ ಸಾರು ಮಾತ್ರ ಊರಿನ ಹಾಗೆ ಬರ್ತಿಲ್ಲ." ಕೆಲವರು ನೀರಿನ ಮೇಲೆ ಹಾಕ್ತಾರೆ, ಕೆಲವರು ಮಿಕ್ಸಿ ಮೇಲೆ. ಅವೆರಡನ್ನೂ ಬಿಟ್ಟು ಮೊದಲು ಮೆಣಸಿನಕಾಯಿ ನೋಡಿ. ನಮ್ಮ ಸಾರಿನ ಪುಡಿ, ಹುಳಿ ಪುಡಿ, ವಾಂಗಿಬಾತ್ ಪುಡಿ ಎಲ್ಲವೂ ಬ್ಯಾಡಗಿ ಮೆಣಸಿನಕಾಯಿಯನ್ನು ಮನಸ್ಸಲ್ಲಿಟ್ಟುಕೊಂಡು ಹುಟ್ಟಿದ ಅಳತೆಗಳು. ಇಲ್ಲಿ ಕಿರಾಣಿ ಅಂಗಡಿಯಲ್ಲಿ ಸುಮ್ಮನೆ "ಎಂಡು ಮಿರಪಕಾಯಲು" ಅಂತ ಕೇಳಿದ್ರೆ ಕೈಗೆ ಬರೋದು ಗುಂಟೂರು ಕಡೆಯದ್ದು. ವಿಜಯವಾಡದಿಂದ ಗುಂಟೂರು ಮೂವತ್ತೈದು ಕಿಲೋಮೀಟರ್ ಇರಬಹುದು, ಅಷ್ಟೆ. ಅಲ್ಲಿನ ಮಿರ್ಚಿ ಯಾರ್ಡ್ ಇಡೀ ಏಷ್ಯಾಕ್ಕೇ ದೊಡ್ಡದು ಅಂತ ಹೆಸರು. ಅಂಥ ಊರಿನ ಪಕ್ಕದಲ್ಲಿ ಕೂತು ಬೇರೆ ಕಾಯಿ ಬೇಕು ಅಂದ್ರೆ ಅಂಗಡಿಯವರು ಒಂಥರಾ ನೋಡ್ತಾರೆ, ತಪ್ಪೇನಿಲ್ಲ.

ಎರಡೂ ಒಳ್ಳೆ ಕಾಯಿಗಳೇ, ಎರಡಕ್ಕೂ ಜಿಐ ಟ್ಯಾಗ್ ಇದೆ. ಹಾವೇರಿ ಜಿಲ್ಲೆಯ ಬ್ಯಾಡಗಿಗೆ 2011ರಲ್ಲಿ ಸಿಕ್ಕಿತು. ಆದರೆ ಎರಡರ ಸ್ವಭಾವ ಬೇರೆ. ಬ್ಯಾಡಗಿ ಸುಕ್ಕುಸುಕ್ಕಾಗಿ, ಉದ್ದಕ್ಕೆ, ಗಾಢ ಕೆಂಪಾಗಿರತ್ತೆ. ಬಣ್ಣ ಜಾಸ್ತಿ, ಖಾರ ಕಡಿಮೆ. ಆ ಬಣ್ಣಕ್ಕಾಗಿಯೇ ಅದರಿಂದ ಓಲಿಯೋರೆಸಿನ್ ತೆಗೆದು ತಿಂಡಿ ತಿನಿಸಿಗೂ ಲಿಪ್‌ಸ್ಟಿಕ್‌ಗೂ ಬಳಸ್ತಾರೆ. ಗುಂಟೂರು ಸನ್ನಂ ನುಣುಪಾದ ಸಿಪ್ಪೆಯದ್ದು, ಖಾರ ಗಟ್ಟಿ. ಖಾರವನ್ನು ಸ್ಕೋವಿಲ್ ಅನ್ನೋ ಮಾನದಲ್ಲಿ ಅಳೀತಾರೆ. ಬ್ಯಾಡಗಿ ಸುಮಾರು 8,000ದಿಂದ 15,000, ಸನ್ನಂ ಸುಮಾರು 35,000ದಿಂದ 40,000. ತೇಜ ಅಂತ ಇನ್ನೊಂದು ತಳಿ ಬರತ್ತೆ, ಸಣ್ಣಕ್ಕೆ ಚೂಪಾಗಿ. ಅದು ಸನ್ನಂಗಿಂತ ದುಪ್ಪಟ್ಟು. ಬೆಳೆ, ಮಣ್ಣು, ಮಳೆ ನೋಡಿ ಈ ಅಂಕಿ ಹಿಂದೆಮುಂದೆ ಆಗತ್ತೆ. ಆದರೂ ಲೆಕ್ಕಕ್ಕೆ ಇಷ್ಟು ಸಾಕು: ಬ್ಯಾಡಗಿ ಜಾಗಕ್ಕೆ ಅಷ್ಟೇ ತೂಕದ ಗುಂಟೂರು ಕಾಯಿ ಹಾಕಿದರೆ ಪುಡಿ ಮೂರು ಪಟ್ಟು ಖಾರ. ದೊಡ್ಡವರು ಬೆವರು ಒರೆಸಿಕೊಂಡು ಊಟ ಮುಗಿಸಬಹುದು. ಆರು ವರ್ಷದ ಮಗು ಮುಗಿಸಲ್ಲ, ತಟ್ಟೆ ದೂಡಿ ಮೊಸರನ್ನ ಕೇಳತ್ತೆ.

"ಹಾಗಾದ್ರೆ ಮೂರನೇ ಒಂದು ಭಾಗ ಹಾಕಿದ್ರಾಯ್ತು" ಅಂತ ನೀವು ಅಂದ್ಕೋಬಹುದು. ಖಾರ ಸರಿಹೋಗತ್ತೆ, ಸಾರು ಸರಿಹೋಗಲ್ಲ. ಯಾಕಂದ್ರೆ ನಮ್ಮ ಪುಡಿಗಳಲ್ಲಿ ಮೆಣಸಿನಕಾಯಿ ಖಾರಕ್ಕಷ್ಟೇ ಅಲ್ಲ. ಪುಡಿಯ ಮೂರರಲ್ಲೊಂದು ಪಾಲು ಅದೇ. ಸಾರಿನ ಬಣ್ಣ ಅದರದ್ದು, ಮೈ ಅದರದ್ದು, ತುದಿಯಲ್ಲಿ ಬರೋ ಸಣ್ಣ ಸಿಹಿಯೂ ಅದರದ್ದೇ. ಅದನ್ನ ಮೂರನೇ ಒಂದಕ್ಕೆ ಇಳಿಸಿದರೆ ಕೊತ್ತಂಬರಿ ಮೇಲೆದ್ದು ನಿಲ್ಲತ್ತೆ, ಸಾರು ಮಣ್ಣಿನ ಬಣ್ಣಕ್ಕೆ ತಿರುಗತ್ತೆ.

ಇಷ್ಟೆಲ್ಲ ಲೆಕ್ಕ ನನಗೆ ಯಾಕೆ ಬೇಕಾಯ್ತು ಅಂತ ಹೇಳಿಬಿಡ್ತೀನಿ. ನಮ್ಮದು ತಿಪಟೂರು. ಮದುವೆಯಾಗಿ ವಿಜಯವಾಡದಲ್ಲಿ ಮನೆ ಮಾಡಿದಾಗಿನಿಂದ ಯುಗಾದಿಗೊಂದು, ದೀಪಾವಳಿಗೊಂದು ಅಂತ ಅಮ್ಮ ಪುಡಿ ಕಟ್ಟಿ ಕಳಿಸ್ತಿದ್ರು. ಪ್ರಶಾಂತಿ ಎಕ್ಸ್‌ಪ್ರೆಸ್‌ನಲ್ಲಿ ಬರೋ ಯಾರದ್ದಾದರೂ ಬ್ಯಾಗಲ್ಲಿ ಅದಕ್ಕೊಂದು ಜಾಗ ಇರ್ತಿತ್ತು. ಅಮ್ಮನಿಗೆ ಉಬ್ಬಸ. 2022ರ ಚಳಿಗಾಲದಲ್ಲಿ ಜಾಸ್ತಿಯಾಯ್ತು. ಡಾಕ್ಟರು ಇನ್ಹೇಲರ್ ಬರೆದುಕೊಟ್ಟು, ಮೆಣಸಿನಕಾಯಿ ಹುರಿಯೋ ಘಾಟು ಇನ್ನು ಮೂಗಿಗೆ ಸೋಕಬಾರದು ಅಂದುಬಿಟ್ರು. ನಮ್ಮ ಹತ್ರ ಒಂದು ಡಬ್ಬಿ ಉಳಿದಿತ್ತು. ಬರೆದಿಟ್ಟ ಅಳತೆ ಅಂತ ಒಂದಕ್ಷರ ಇರಲಿಲ್ಲ. ಎಲ್ಲ ಪಾವು, ಹಿಡಿ, ಬೊಗಸೆ. ಅಮ್ಮನಿಗೂ ಅವರ ಅತ್ತೆ ಕೈಯಿಂದ ಕೈಗೆ ಬಂದಿದ್ದು.

2023ರ ಮಾರ್ಚ್‌ನಲ್ಲಿ ಅಮ್ಮ ವಿಜಯವಾಡಕ್ಕೆ ಬಂದಾಗ ಅವರ ಪಾವನ್ನೂ ಜೊತೆಗೆ ತರಿಸಿದೆ. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ ಮುಂದಿಟ್ಟುಕೊಂಡು ಅವರ ಕೈಯಿಂದಲೇ ಒಂದೊಂದು ಸಾಮಾನು ಹಾಕಿಸಿ ಬರ್ಕೊಂಡೆ. ನೀವೂ ಇದೊಂದು ಕೆಲಸ ಈ ವರ್ಷ ಮಾಡಿ. ಅಮ್ಮನೋ ಅತ್ತೆಯೋ ಗಟ್ಟಿಯಾಗಿ ಓಡಾಡ್ತಾ ಇರುವಾಗಲೇ ಮಾಡಿ. ಫೋನಲ್ಲಿ ಕೇಳಿ ಬರ್ಕೊಂಡ್ರೆ ಉಪಯೋಗವಿಲ್ಲ, ಅವರ ಕೈ ತಕ್ಕಡಿ ಮೇಲೆ ಬರಬೇಕು. ಅಮ್ಮನ ಮೂರು ಬೊಗಸೆ ಬ್ಯಾಡಗಿ 125 ಗ್ರಾಂ ಬಂತು, ನನ್ನ ಕೈಯಲ್ಲಿ ಅದೇ ಮೂರು ಬೊಗಸೆ 170. "ಮೂರು ಬೊಗಸೆ ಹಾಕು" ಅನ್ನೋ ಮಾತನ್ನ ನಂಬಿ ನಾನು ಮಾಡಿದ್ರೆ ಪುಡಿಯೇ ಬೇರೆ ಆಗತ್ತೆ ನೋಡಿ.

ಪಾವಿನದ್ದು ಇನ್ನೊಂದು ತಮಾಷೆ. ಅದು ಗಾತ್ರದ ಅಳತೆ, ತೂಕದ್ದಲ್ಲ. ಅಮ್ಮನ ಪಾವಿಗೆ ನೀರು ತುಂಬಿದರೆ 240 ಗ್ರಾಂ. ಅದೇ ಪಾವಲ್ಲಿ ಕೊತ್ತಂಬರಿ ಬೀಜ ತುಂಬಿದರೆ 80 ಗ್ರಾಂ, ಕಡಲೆಬೇಳೆ ತುಂಬಿದರೆ 200. ಹುಳಿ ಪುಡಿಗೆ "ಎರಡು ಪಾವು ಕೊತ್ತಂಬರಿಗೆ ಅರ್ಧ ಪಾವು ಕಡಲೆಬೇಳೆ" ಅಂದ್ರೆ ಕಾಲು ಭಾಗ ಬೇಳೆ ಅಂತ ಕೇಳಿಸತ್ತೆ. ತೂಕದಲ್ಲಿ ನೋಡಿದ್ರೆ 160 ಗ್ರಾಂಗೆ 100, ಅಂದ್ರೆ ಅರ್ಧಕ್ಕಿಂತ ಜಾಸ್ತಿ. ಹಳೆ ಅಡುಗೆ ಪುಸ್ತಕ ನೋಡಿ ಗ್ರಾಂಗೆ ತಿರುಗಿಸುವಾಗ ಇದನ್ನ ಮರೀಬೇಡಿ.

ಈಗ ಸಾರಿನ ಪುಡಿಯ ಅಳತೆ. ಕೊತ್ತಂಬರಿ ಬೀಜ 200 ಗ್ರಾಂ, ತೊಟ್ಟು ತೆಗೆದ ಬ್ಯಾಡಗಿ 125, ಜೀರಿಗೆ 40, ಕಾಳುಮೆಣಸು 20, ಮೆಂತ್ಯ 12, ಸಾಸಿವೆ 12. ನೆರಳಲ್ಲಿ ಒಣಗಿಸಿದ ಕರಿಬೇವು ಎರಡು ಹಿಡಿ, ಅರಿಶಿನ ಒಂದು ಚಮಚ, ಕಡಲೆಕಾಳಿನಷ್ಟು ಗಟ್ಟಿ ಇಂಗು. ಒಟ್ಟು ನಾನೂರು ಗ್ರಾಂ ಮೇಲೆ ಬರತ್ತೆ. ನಾಲ್ಕು ಜನರ ಮನೆಯಲ್ಲಿ ವಾರಕ್ಕೆ ಐದು ದಿನ ಸಾರು ಮಾಡಿದರೆ ಎರಡು ತಿಂಗಳಿಗೆ ಸಾಕು. ಅದಕ್ಕಿಂತ ಜಾಸ್ತಿ ಈ ಊರಲ್ಲಿ ಮಾಡಬೇಡಿ, ಯಾಕೆ ಅಂತ ಮುಂದೆ ಹೇಳ್ತೀನಿ.

ಬ್ಯಾಡಗಿ ಸಾಕಷ್ಟು ಸಿಗದಿದ್ದರೆ 90 ಗ್ರಾಂ ಬ್ಯಾಡಗಿಗೆ 12 ಗ್ರಾಂ ಗುಂಟೂರು ಸನ್ನಂ ಸೇರಿಸಿ. ಖಾರ ಹೆಚ್ಚುಕಡಿಮೆ ಅಷ್ಟೇ ಕೂಡತ್ತೆ, ಬಣ್ಣವೂ ಉಳಿಯತ್ತೆ. ಬ್ಯಾಡಗಿ ಇಲ್ಲವೇ ಇಲ್ಲ ಅಂದ್ರೆ ಸನ್ನಂ 40 ಗ್ರಾಂ ಮೀರಬೇಡಿ, ಬಣ್ಣ ಕಡಿಮೆಯಾದ್ರೆ ಆಗಲಿ ಬಿಡಿ. ಬೀಜ ತೆಗೆದರೆ ಖಾರ ಹೋಗತ್ತೆ ಅಂತಾರಲ್ಲ, ಅದು ಅರ್ಧ ನಿಜ. ಖಾರದ ಕ್ಯಾಪ್ಸೈಸಿನ್ ಇರೋದು ಬೀಜ ಅಂಟಿಕೊಂಡಿರೋ ಒಳಗಿನ ಬಿಳಿ ನಾರಿನಲ್ಲಿ. ಬೀಜಕ್ಕೆ ಅದು ಸೋಕಿರತ್ತೆ ಅಷ್ಟೆ. ಕಾಯಿ ಸೀಳಿ ಆ ನಾರು ಕೆರೆದು ತೆಗೆದರೆ ಗುಂಟೂರು ಕಾಯಿಯೂ ತಗ್ಗತ್ತೆ. ಕೈಗೆ ಎಣ್ಣೆ ಸವರಿಕೊಂಡು ಮಾಡಿ, ಆಮೇಲೆ ಕಣ್ಣು ಮುಟ್ಕೋಬೇಡಿ.

ಬ್ಯಾಡಗಿ ಇಲ್ಲಿ ಸಿಗತ್ತಾ? ಸಿಗತ್ತೆ, ಹೆಸರು ಹಿಡಿದು ಕೇಳಬೇಕು. ತೆಲುಗಿನಲ್ಲಿ "ಬ್ಯಾಡಿಗಿ" ಅಂತಾರೆ. ಆದರೆ ಅದೇ ಹೆಸರಲ್ಲಿ ಗುಂಟೂರು ಸೀಮೆಯಲ್ಲೇ ಬೆಳೆದ ಹೈಬ್ರಿಡ್ ತಳಿಗಳೂ ಮಾರಾಟ ಆಗತ್ತೆ. ನೋಡೋಕೆ ಸುಕ್ಕು ಇರತ್ತೆ, ಬಣ್ಣವೂ ಚೆನ್ನ. ನನ್ನ ಮೂಗಿಗೆ ಮಾತ್ರ ಆ ಪರಿಮಳ ಬರಲ್ಲ, ನಾಲಿಗೆಗೆ ಖಾರವೂ ಒಂದು ತೂಕ ಜಾಸ್ತಿ. ಹಾಗಂತ ಬಿಡಬೇಡಿ, ಸನ್ನಂಗಿಂತ ನಮ್ಮ ಪುಡಿಗೆ ಅದೇ ಹತ್ತಿರ. ತಗೊಳ್ಳುವ ಮುಂಚೆ ಒಂದು ಕಾಯಿ ಮುರಿದು ಒಳಗೆ ನೋಡಿ. ಬೂದು ಬಣ್ಣದ ಬೂಷ್ಟು ಕಂಡರೆ ಆ ಚೀಲವೇ ಬೇಡ. ತೇವದ ಮೆಣಸಿನಕಾಯಿಗೆ ಹಿಡಿಯೋ ಬೂಷ್ಟು ಅಫ್ಲಟಾಕ್ಸಿನ್ ಅನ್ನೋ ವಿಷ ಬಿಡಬಹುದು. ಅದು ಹುರಿದರೂ ಕುದಿಸಿದರೂ ಪೂರ್ತಿ ಹೋಗಲ್ಲ. ಮನೆಯಲ್ಲಿ ಮಾಡಿದ್ದು ಅನ್ನೋ ಒಂದೇ ಕಾರಣಕ್ಕೆ ಪುಡಿ ಶುದ್ಧ ಆಗಿಬಿಡಲ್ಲ. 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್, ಸಿಂಗಪುರದವರು ಎಥಿಲೀನ್ ಆಕ್ಸೈಡ್ ಕಾರಣಕ್ಕೆ ನಮ್ಮ ದೇಶದ ಕೆಲವು ಪ್ಯಾಕೆಟ್ ಮಸಾಲೆಗಳನ್ನ ಅಂಗಡಿಯಿಂದ ತೆಗೆಸಿದ ಮೇಲೆ ಎಲ್ಲರೂ ಮನೆ ಪುಡಿ ಮನೆ ಪುಡಿ ಅಂತಿದಾರೆ, ಸಂತೋಷ. ಆದರೆ ಆ ಅನಿಲ ಬಳಸೋದೇ ಬೂಷ್ಟು, ಬ್ಯಾಕ್ಟೀರಿಯಾ ಕೊಲ್ಲೋಕೆ. ನಾವು ಅದನ್ನ ಬಳಸದೆ ಇರಬೇಕಾದ್ರೆ ಒಣಗಿಸೋದನ್ನ ಸರಿಯಾಗಿ ಮಾಡಬೇಕು, ಬೇರೆ ದಾರಿ ಇಲ್ಲ.

ಅಂಗಡಿ ಮಾತಿಗೆ ಬಂದೆ, ಎರಡು ಭಾಷೆಯ ಗೊಂದಲವನ್ನೂ ಹೇಳಿಬಿಡ್ತೀನಿ. ಹೊಸದಾಗಿ ಬಂದವರಿಗೆ ಉಪಯೋಗ ಆಗತ್ತೆ. "ಕೊತ್ತಂಬರಿ" ಅಂದ್ರೆ ಇಲ್ಲಿ ಕೊತ್ತಿಮೀರ ಸೊಪ್ಪು ತಂದು ಕೊಡ್ತಾರೆ. ಬೀಜ ಬೇಕಾದ್ರೆ "ಧನಿಯಾಲು". ಕಡಲೆಬೇಳೆ "ಶನಗಪಪ್ಪು", ಕಡಲೆಕಾಯಿ ಬೀಜ "ವೇರುಶನಗ" ಅಥವಾ "ಪಲ್ಲೀಲು", ಉದ್ದಿನಬೇಳೆ "ಮಿನಪಪ್ಪು", ಸಾಸಿವೆ "ಆವಾಲು", ಜೀರಿಗೆ "ಜೀಲಕರ್ರ". ಮೆಂತ್ಯ "ಮೆಂತುಲು", ಇಂಗು "ಇಂಗುವ", ಇವು ಸಲೀಸು. ಇನ್ನು "ಸಾರು" ಅಂದ್ರೆ ತೆಲುಗಿನಲ್ಲಿ ಸರ್, ಮೇಷ್ಟ್ರಿಗೆ ಕರೆಯೋ ಹಾಗೆ. ಸಾರು ಪೊಡಿ ಕೊಡಿ ಅಂದ್ರೆ ಯಾವ ಸಾರ್‌ದು ಅಂತ ಕೇಳ್ತಾರೆ. "ಚಾರು ಪೊಡಿ" ಅನ್ನಿ. ಕಾಳುಮೆಣಸು "ಮಿರಿಯಾಲು". ಅದನ್ನೇ ಹಿಡಿದು ಇವರು ಮೆಣಸಿನಕಾಯಿಗೆ "ಮಿರಪಕಾಯ" ಅಂದ್ರು, ನಾವು ಮೆಣಸಿನಿಂದ "ಮೆಣಸಿನಕಾಯಿ" ಮಾಡ್ಕೊಂಡ್ವಿ. ಪೋರ್ಚುಗೀಸರ ಜೊತೆ ಸಮುದ್ರ ದಾಟಿ ಬಂದ ಕಾಯಿಗೆ ಎರಡೂ ಕಡೆಯವರು ಹಳೆ ಖಾರದ ಹೆಸರನ್ನೇ ಇಟ್ಟರು.

ಹುರಿಯುವ ವಿಷಯ. ಒಂದೊಂದನ್ನೂ ಬೇರೆ ಬೇರೆ ಹುರೀಬೇಕು. ಗಾತ್ರ ಬೇರೆ, ಒಳಗಿನ ತೇವ ಬೇರೆ, ಬೇಯೋ ಹೊತ್ತು ಬೇರೆ. ಎಲ್ಲ ಒಟ್ಟಿಗೆ ಹಾಕಿದರೆ ಸಾಸಿವೆ ಸುಡೋ ಹೊತ್ತಿಗೆ ಕೊತ್ತಂಬರಿ ಬರೀ ಬೆಚ್ಚಗಾಗಿರತ್ತೆ. ಕೊತ್ತಂಬರಿಯನ್ನ ಸಣ್ಣ ಉರಿಯಲ್ಲಿ, ಚಟಪಟ ಸದ್ದು ಶುರುವಾಗಿ ಪರಿಮಳ ಏಳೋವರೆಗೆ. ಬಣ್ಣ ಕಂದಾಗೋಕೆ ಬಿಡಬೇಡಿ. ಅದರ ಪರಿಮಳ ಇರೋ ಎಣ್ಣೆ ಗಾಳಿಗೆ ಹಾರಿಹೋಗೋ ಜಾತಿಯದ್ದು, ಬೀದಿಗೆಲ್ಲ ಘಮ ಬಂತು ಅಂದ್ರೆ ಡಬ್ಬಿಯಲ್ಲಿ ಉಳಿದಿದ್ದು ಕಡಿಮೆ ಅಂತ ಅರ್ಥ. ಮೆಂತ್ಯ ಮಾತ್ರ ಕಣ್ಣು ಬಿಟ್ಟುಕೊಂಡು ಹುರೀಬೇಕು. ಹಸಿಯಾಗಿದ್ದರೂ ಕಹಿ, ಕಪ್ಪಾದರೂ ಕಹಿ, ನಡುವೆ ಕೆಂಪಗಾದ ಅರ್ಧ ನಿಮಿಷವಷ್ಟೇ ನಮ್ಮದು. ಸಾಸಿವೆ ಸಿಡಿದ ಕೂಡಲೆ ಇಳಿಸಿ. ಇಂಗನ್ನ ಅರ್ಧ ಚಮಚ ತುಪ್ಪದಲ್ಲಿ ಉಬ್ಬಿಸಿ. ಪುಡಿ ಇಂಗಾದ್ರೆ ಅದರಲ್ಲಿ ಮೈದಾನೋ ಗೋಂದೋ ಬೆರೆತಿರತ್ತೆ, ಸ್ವಲ್ಪ ಜಾಸ್ತಿ ಹಿಡಿಸತ್ತೆ.

ಮೆಣಸಿನಕಾಯಿಯನ್ನ ಅಮ್ಮ ಮೊದಲಿನಿಂದ ನಾಲ್ಕು ಹನಿ ಹರಳೆಣ್ಣೆ ಹಾಕಿ ಹುರೀತಿದ್ರು. ಎಣ್ಣೆ ಬಿಸಿಯನ್ನ ಸಮ ಹರಡತ್ತೆ, ಕಾಯಿ ಕಪ್ಪಾಗದೆ ಗರಿಗರಿ ಆಗತ್ತೆ, ಘಾಟೂ ತುಸು ಕಡಿಮೆ. ಆದರೆ ಕಡಿಮೆ ಅಂದ್ರೆ ಇಲ್ಲ ಅಂತಲ್ಲ. ಫ್ಲಾಟಿನ ಸಣ್ಣ ಅಡುಗೆಮನೆಯಲ್ಲಿ, ಉಬ್ಬಸ ಇರೋರು ಮನೆಯಲ್ಲಿರುವಾಗ, ಅದು ಆಗದ ಮಾತು. ಇದಕ್ಕೆ ದಾರಿ ತೋರಿಸಿದ್ದು ನಮ್ಮ ಬೀದಿಯ ಪಿಂಡಿ ಮಿಲ್ಲಿನವರು. ಹುರಿದ ಕಾಯಿ ತಂದವರನ್ನ ಕಂಡ್ರೆ ಅವರಿಗೆ ಕೋಪ. "ವೇಯಿಂಚಿನ ಮಿರಪಕಾಯಲೈತೇ ಘಾಟು ಎಕ್ಕುವಂಡಿ" ಅಂತ ಟವಲ್ ಮುಖಕ್ಕೆ ಕಟ್ಕೋತಾರೆ. ಆಂಧ್ರದವರು ವರ್ಷದ ಕಾರಂ ಪುಡಿಗೆ ಕಾಯಿ ಹುರಿಯೋದೇ ಇಲ್ಲ, ಬಿಸಿಲಲ್ಲಿ ಒಣಗಿಸಿ ಬೀಸಿಸ್ತಾರೆ. ವಿಜಯವಾಡದ ಬಿಸಿಲನ್ನ ಬೈಯದ ಕನ್ನಡಿಗ ನನಗಿನ್ನೂ ಸಿಕ್ಕಿಲ್ಲ; ಊರಿಗೇ "ಬ್ಲೇಜ್‌ವಾಡ" ಅಂತ ಅಡ್ಡಹೆಸರಿದೆ. ಆ ಬಿಸಿಲಿಗೂ ಒಂದು ಉಪಯೋಗ ಇದೆ ಅಂತ ಅವತ್ತು ಗೊತ್ತಾಯ್ತು. ಮಾರ್ಚ್ ತಿಂಗಳಲ್ಲಿ ಮಹಡಿ ಮೇಲೆ ಹಳೆ ಪಂಚೆ ಹಾಸಿ ಎರಡು ದಿನ ಹರಡಿದೆ. ಸಂಜೆ ಹೊತ್ತಿಗೆ ಒಳಗೆ ತಂದು ಮುಚ್ಚಿಟ್ಟೆ, ರಾತ್ರಿಯ ತೇವ ಎಳೆಯಬಾರದು ನೋಡಿ. ಎರಡನೇ ದಿನ ಮಧ್ಯಾಹ್ನ ಕಾಯಿ ಅಲ್ಲಾಡಿಸಿದ್ರೆ ಒಳಗೆ ಬೀಜ ಗಿಲಕಿ ಥರ ಸದ್ದು ಮಾಡ್ತಿತ್ತು, ಮುರಿದ್ರೆ ಚಟ್ ಅಂತಿತ್ತು. ಅಷ್ಟಾದರೆ ಬಾಣಲೆ ಬೇಡ. ಉರಿ ಆರಿಸಿದ ಬಿಸಿ ಬಾಣಲೆಯಲ್ಲಿ ಒಂದೇ ಒಂದು ನಿಮಿಷ ಆಡಿಸಿದರೆ ಹುರಿದ ವಾಸನೆಯ ಛಾಯೆ ಬರತ್ತೆ, ಹೊಗೆ ಏಳಲ್ಲ. ಅಮ್ಮ ಪಕ್ಕದ ರೂಮಿನಲ್ಲಿ ಕೂತು ಕರಿಬೇವು ಬಿಡಿಸ್ತಿದ್ರು, ಒಂದು ಸಲವೂ ಕೆಮ್ಮಲಿಲ್ಲ.

ಆ ಪುಡಿಯಲ್ಲಿ ಮಾಡಿದ ಸಾರನ್ನ ಅಮ್ಮ ಒಂದು ಲೋಟದಲ್ಲಿ ಹಾಕಿಸ್ಕೊಂಡು ಕುಡಿದು ಹೇಳಿದ್ದು: "ಪುಡಿ ಆಗಿದೆ ಕಣೋ. ಸಾರು ಆಗಿಲ್ಲ." ಯಾಕೆ ಅಂದ್ರೆ, "ಹುಣಸೆಹಣ್ಣು ಹೊಸದು, ಹುಳಿ ಮುಂದಕ್ಕೆ ಬಂದಿದೆ. ಬೆಲ್ಲ ಹಾಕು." ನಿಜ, ಊರಲ್ಲಿ ನಾವು ಬಳಸೋದು ವರ್ಷ ಕಳೆದ ಕಪ್ಪು ಹುಣಸೆ. ಇಲ್ಲಿ ಬೇಸಿಗೆಯಲ್ಲಿ ಸಿಗೋದು ಆ ವರ್ಷದ ಕಂದು ಹಣ್ಣು, ಹುಳಿ ಚುರುಕು. ಪುಡಿಯನ್ನ ದೂರೋ ಮುಂಚೆ ಹುಣಸೆ ನೋಡಿ. ಬೆಲ್ಲಕ್ಕಂತೂ ವೈಜಾಗ್‌ನವರು ಪುಣ್ಯವಂತರು. ಮೂವತ್ತೈದು ಕಿಲೋಮೀಟರ್ ಆಚೆ ಅನಕಾಪಲ್ಲಿ, ದೇಶದ ದೊಡ್ಡ ಬೆಲ್ಲದ ಮಾರುಕಟ್ಟೆಗಳಲ್ಲಿ ಅದೂ ಒಂದು.

2024ರಲ್ಲಿ ನಾವು ವೈಜಾಗ್‌ಗೆ ಬಂದ ಮೇಲೆ ಬಿಸಿಲಿನ ಉಪಾಯ ಅಷ್ಟು ಸಲೀಸಾಗಲಿಲ್ಲ. ಎರಡು ಊರಿನ ನಡುವೆ 350 ಕಿಲೋಮೀಟರ್ ಇರಬಹುದು, ಗಾಳಿ ಮಾತ್ರ ಬೇರೆ ಲೋಕದ್ದು. ಋಷಿಕೊಂಡದ ಕಡೆ ಸಮುದ್ರಕ್ಕೆ ಮುಖ ಮಾಡಿರೋ ಫ್ಲಾಟುಗಳಲ್ಲಿ ಹಪ್ಪಳ ತಟ್ಟೆಗೆ ಹಾಕಿ ಹತ್ತು ನಿಮಿಷಕ್ಕೆ ಮೆತ್ತಗಾಗತ್ತೆ. ಉಪ್ಪಿನ ಡಬ್ಬಿಯಲ್ಲಿ ನೀರು. ಅಂಥ ಗಾಳಿಯಲ್ಲಿ ಪುಡಿಯೂ ತೇವ ಎಳೆಯತ್ತೆ, ಗಂಟು ಕಟ್ಟತ್ತೆ, ಆಮೇಲೆ ಮುಗ್ಗಲು ವಾಸನೆ. ಇಲ್ಲಿ ಬಿಸಿಲಲ್ಲಿಟ್ಟ ಕಾಯಿಯನ್ನ ಮಧ್ಯಾಹ್ನ ಮೂರರೊಳಗೆ ಎತ್ತಿ, ಬಿಸಿ ಇರುವಾಗಲೇ ಗಾಳಿಯಾಡದ ಡಬ್ಬಿಗೆ ಹಾಕಿ. ಓವನ್ ಇದ್ದರೆ 60–70 ಡಿಗ್ರಿಯಲ್ಲಿ, ಬಾಗಿಲು ಒಂದು ಬೆರಳಷ್ಟು ತೆರೆದು, ಗರಿಗರಿ ಆಗೋವರೆಗೆ ಇಟ್ಟರೂ ಆಗತ್ತೆ.

ಪುಡಿ ಮಾಡುವಾಗ ಮಿಕ್ಸಿಯನ್ನ ಹತ್ತು ಸೆಕೆಂಡು ಓಡಿಸಿ, ನಿಲ್ಲಿಸಿ, ಮತ್ತೆ ಓಡಿಸಿ. ಒಂದೇ ಸಮ ತಿರುಗಿಸಿದರೆ ಜಾರ್ ಕಾದು ಪರಿಮಳ ಹಾರಿಹೋಗತ್ತೆ. ಮಾಡಿದ ಪುಡಿಯನ್ನ ಅಗಲ ತಟ್ಟೆಯಲ್ಲಿ ಹರಡಿ ಪೂರ್ತಿ ಆರಿಸಿ ತುಂಬಿ; ಬಿಸಿ ಪುಡಿ ಮುಚ್ಚಿದರೆ ಮುಚ್ಚಳದ ಒಳಗೆ ಹಬೆ ಕೂತು ಅದೇ ನೀರು ಪುಡಿಗೆ ಬೀಳತ್ತೆ. ಮುಕ್ಕಾಲು ಭಾಗ ಫ್ರಿಜ್‌ನಲ್ಲಿ, ಸಾಧ್ಯವಾದ್ರೆ ಫ್ರೀಜರ್‌ನಲ್ಲಿ. ವಾರಕ್ಕೆ ಬೇಕಾದಷ್ಟು ಮಾತ್ರ ಹೊರಗಿನ ಸಣ್ಣ ಡಬ್ಬಿಗೆ. ಆ ಡಬ್ಬಿಯನ್ನ ಕುದಿಯೋ ಪಾತ್ರೆ ಮೇಲೆ ಹಿಡಿದು ಚಮಚದಲ್ಲಿ ತೆಗೀತೀವಲ್ಲ, ಆ ಅಭ್ಯಾಸ ಬಿಡಿ. ಪುಡಿ ಕೆಡೋದು ಹೆಚ್ಚಾಗಿ ಆ ಹಬೆಯಿಂದಲೇ.

ಮಿಲ್ಲಿಗೆ ಕೊಡೋರು ಕನಿಷ್ಠ ಒಂದು ಕಿಲೋ ಇದ್ದರೆ ಮಾತ್ರ ಕೊಡಿ. ಯಂತ್ರದೊಳಗೆ ಒಂದು ಹಿಡಿ ಉಳಿದುಬಿಡತ್ತೆ, ಮುಂಚಿನವರ ಹಿಡಿ ನಿಮ್ಮದಕ್ಕೆ ಬರತ್ತೆ. ಮಾರ್ಚ್–ಏಪ್ರಿಲ್‌ನಲ್ಲಿ ಎಲ್ಲರೂ ವರ್ಷದ ಕಾರಂ ಬೀಸಿಸೋ ಸಾಲಲ್ಲಿ ನಿಂತಿರ್ತಾರೆ. ತೇಜ ಬೀಸಿಸಿದವರ ಹಿಂದೆ ನಮ್ಮ ಸಾರಿನ ಪುಡಿ ಹಾಕಿಸಿದ್ರೆ ಮೇಲಿನ ಲೆಕ್ಕವೆಲ್ಲ ನೀರುಪಾಲು. ಧನಿಯಾ ಹಾಕಿಸಿದವರ ಹಿಂದೆ ನಿಲ್ಲಿ.

ಹುಳಿ ಪುಡಿ ಬಗ್ಗೆ ಒಂದೇ ಮಾತು, ಅದೂ ತಿಪಟೂರಿನವನಾಗಿ ಹೇಳೋಕೆ ಸಂಕಟವಾಗೋ ಮಾತು: ಕೊಬ್ಬರಿ ಪುಡಿಯೊಳಗೆ ಹಾಕಬೇಡಿ. ನಮ್ಮೂರ ಒಣ ಹವೆಯಲ್ಲಿ ತಿಂಗಳುಗಟ್ಟಲೆ ಇರತ್ತೆ. ಈ ಕರಾವಳಿಯಲ್ಲಿ ಮೂರು ವಾರಕ್ಕೆ ಕಮಟು. ಬೇಳೆ, ಕೊತ್ತಂಬರಿ, ಮೆಣಸಿನಕಾಯಿ, ಮೆಂತ್ಯ, ಒಂದು ತುಂಡು ಚಕ್ಕೆ ಇಷ್ಟರ ಪುಡಿ ಇಟ್ಟುಕೊಂಡು, ಹುಳಿ ಮಾಡೋ ದಿನ ಎರಡು ಚಮಚ ಕೊಬ್ಬರಿ ತುರಿ ಬಿಸಿ ಮಾಡಿ ಸೇರಿಸಿ ರುಬ್ಬಿ. ವಾಂಗಿಬಾತ್ ಪುಡಿಗೂ ಇದೇ. ಮರಾಠಿ ಮೊಗ್ಗಿಗೆ ಪರದಾಡೋದು ಬೇಡ, ಇಲ್ಲೂ "ಮರಾಟಿ ಮೊಗ್ಗ" ಅಂದ್ರೆ ಅರ್ಥ ಆಗತ್ತೆ.

ಎಲ್ಲವನ್ನೂ ಊರಿಂದ ಹೊತ್ತು ತರಬೇಕಿಲ್ಲ ಅನ್ನೋದು ಇಷ್ಟು ವರ್ಷದಲ್ಲಿ ನಾನು ಕಂಡದ್ದು. ವೈಜಾಗ್‌ನಲ್ಲೇ ಕಚೇರಿ ಇರೋ ಗಿರಿಜನ ಸಹಕಾರ ನಿಗಮ 1956ರಿಂದ ಇದೆ. ಅರಕು, ಪಾಡೇರು ಕಡೆಯ ಬುಡಕಟ್ಟು ರೈತರಿಂದ ಹುಣಸೆ, ಅರಿಶಿನ, ಜೇನು, ಕಾಫಿ ಎಲ್ಲ ಕೊಂಡು ತಮ್ಮ ಮಳಿಗೆಗಳಲ್ಲಿ ಮಾರ್ತಾರೆ. ಅಲ್ಲಿನ ಕಾಫಿ ತೋಟದ ಮರಗಳಿಗೆ ಹಬ್ಬಿಸಿದ ಕಾಳುಮೆಣಸು ನಮ್ಮ ಕೊಡಗಿನದ್ದನ್ನ ನೆನಪಿಸತ್ತೆ. ಇನ್ನೊಂದು ಸಂಗತಿ ಕೇಳಿದ್ರೆ ಉತ್ತರ ಕರ್ನಾಟಕದವರು ಕುಣೀತಾರೆ. ನವೆಂಬರ್–ಡಿಸೆಂಬರ್‌ನಲ್ಲಿ ಅರಕು ಕಣಿವೆಯಲ್ಲಿ ಹಳದಿ ಹೂವಿನ ಹೊಲಗಳ ಮಧ್ಯೆ ನಿಂತು ಎಲ್ಲರೂ ಫೋಟೋ ತೆಗೆಸ್ಕೋತಾರಲ್ಲ, "ವಲಿಸೆ ಪೂಲು" ಅಂತ, ಅದು ಬೇರೇನೂ ಅಲ್ಲ, ನಮ್ಮ ಗುರೆಳ್ಳು! ಹುಚ್ಚೆಳ್ಳು ಅಂತೀವಲ್ಲ, ಅದೇ. ನಮ್ಮಾಕೆ ಧಾರವಾಡದವಳು. ಮೊದಲ ಸಲ ಅರಕುಗೆ ಹೋದಾಗ ಎಲ್ಲರೂ ಹೂವಿನ ಜೊತೆ ಸೆಲ್ಫಿ ತೆಗೀತಿದ್ರೆ ಇವಳು ಹೊಲದ ಅಜ್ಜಿ ಹತ್ರ ಕಾಳು ಯಾವಾಗ ಬರತ್ತೆ ಅಂತ ವಿಚಾರಿಸ್ತಿದ್ಲು. ಈಗ ಪ್ರತಿ ಸಂಕ್ರಾಂತಿಗೆ ಎರಡು ಕಿಲೋ ತರಿಸಿ ಗುರೆಳ್ಳು ಚಟ್ನಿ ಪುಡಿ ಮಾಡ್ತೀವಿ. ಸಣ್ಣ ಉರಿಯಲ್ಲಿ ಸಿಡಿಯೋವರೆಗೆ ಹುರಿದು, ಬ್ಯಾಡಗಿ, ಉಪ್ಪು, ಚೂರು ಹುಣಸೆ ಹಾಕಿ ತರಿತರಿ ಕುಟ್ಟೋದು. ಬೆಳ್ಳುಳ್ಳಿಯನ್ನ ತಿನ್ನೋ ವಾರಕ್ಕಷ್ಟೇ ಬೆರೆಸಿ, ಅದರ ತೇವಕ್ಕೆ ಇಡೀ ಡಬ್ಬಿ ಕೆಡತ್ತೆ.

ಹಾಗೇ ಇವರ ಕಂದಿ ಪೊಡಿಯನ್ನೂ ಮನೆಗೆ ಸೇರಿಸ್ಕೊಳ್ಳಿ. ತೊಗರಿಬೇಳೆ ಕೆಂಪಗೆ ಹುರಿದು, ನಾಲ್ಕು ಮೆಣಸಿನಕಾಯಿ, ಜೀರಿಗೆ, ಉಪ್ಪು, ಅಷ್ಟೆ. ಬಿಸಿ ಅನ್ನ, ತುಪ್ಪದ ಜೊತೆ. ನಮ್ಮ ಮಗಳು ಶಾಲೆಯಿಂದ ಬಂದು ಕೇಳೋದು ಇದನ್ನೇ, ಅಜ್ಜಿಯ ಸಾರು ಆಮೇಲೆ.

ಕೊನೆಗೆ ಆನ್‌ಸೈಟ್ ಹೋಗೋರಿಗೆ ಒಂದು ಎಚ್ಚರಿಕೆ, ಇದನ್ನ ತಮಾಷೆ ಅಂದ್ಕೋಬೇಡಿ. ಬಿಸಿಬೇಳೆಬಾತ್ ಪುಡಿಗೆ ಗಸಗಸೆ ಹಾಕ್ತೀವಲ್ಲ, ಸಿಂಗಪುರದಲ್ಲಿ, ದುಬೈನಲ್ಲಿ ಗಸಗಸೆ ನಿಷಿದ್ಧ, ಮಾದಕ ವಸ್ತುವಿನ ಲೆಕ್ಕಕ್ಕೆ ಬರತ್ತೆ. ಅಮ್ಮ ಪ್ರೀತಿಯಿಂದ ಕಟ್ಟಿಕೊಟ್ಟಿದ್ದು ಅಂದ್ರೆ ಏರ್‌ಪೋರ್ಟ್‌ನಲ್ಲಿ ಯಾರೂ ಕೇಳಲ್ಲ. ಅಲ್ಲಿಗೆ ಹೊರಟವರು ಗಸಗಸೆ ಬಿಟ್ಟು, ಅದರ ಜಾಗಕ್ಕೆ ಬಿಳಿ ಎಳ್ಳು ಅಥವಾ ಗೋಡಂಬಿ ಹಾಕಿ ಮಾಡಿಸ್ಕೊಳ್ಳಿ. ಪೊಟ್ಟಣದ ಮೇಲೆ ಏನೇನು ಹಾಕಿದೆ, ಯಾವತ್ತು ಮಾಡಿದ್ದು ಅಂತ ಇಂಗ್ಲಿಷಿನಲ್ಲಿ ಬರೆದು ಅಂಟಿಸಿ. ಮುಂದಿನ ವಾರ ಪುಳಿಯೋಗರೆ ಗೊಜ್ಜು ಮತ್ತು ಇಲ್ಲಿನ ಪುಲಿಹೋರ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಮಾತಾಡೋಣ.